ಏಳು ಸೆಕೆಂಡಿನ ಕೃತಿ

ಸ್ನೇಹಿತರೊಬ್ಬರು ಸುಮಾರು ಎರಡು ವರ್ಷಗಳಿಂದ ನನಗೆ ಕರ್ನಾಟಕ ಸಂಗೀತದ ಧ್ವನಿತುಣುಕುಗಳನ್ನು ಕಳುಹಿಸುತ್ತಿದ್ದಾರೆ. ಒಂದೊಂದೂ ಹೆಚ್ಚೆಂದರೆ ಏಳು ಸೆಕೆಂಡು. ಜೊತೆಗೆ ರಾಗದ ಹೆಸರಿಲ್ಲ, ಹಾಡಿದವರ ಸುಳಿವಿಲ್ಲ. ಮೂರೇ ಬಾರಿ ಕೇಳಿ ಕೃತಿ ಯಾವುದೆಂದು ನಾನು ಹೇಳಬೇಕು. ನಾಲ್ಕನೆಯ ಬಾರಿ ಕೇಳಿದೆನೋ ಇಲ್ಲವೋ ಎಂಬುದು ನನ್ನ ಆತ್ಮಸಾಕ್ಷಿಗೆ ಬಿಟ್ಟ ವಿಷಯ. ರಾಗವನ್ನಷ್ಟೇ ಹೇಳಿದರೆ ಅವರ ಲೆಕ್ಕದಲ್ಲಿ ಅದು ಉತ್ತರವೇ ಅಲ್ಲ. ಬಹಳ ವರ್ಷಗಳಿಂದ ಕಛೇರಿ ಕೇಳುತ್ತ ಬಂದಿದ್ದೇನೆ, ಚಿಕ್ಕಂದಿನಲ್ಲಿ, ಕೃತಿಗಳಿಗೆ ಮೊದಲು ಕಲಿಸುವ ವರ್ಣಗಳವರೆಗೆ ಪಾಠವೂ ಆಗಿದೆ ಎಂಬ ಧೈರ್ಯದಿಂದ ನಾನು ಈ ಆಟಕ್ಕೆ ಒಪ್ಪಿಕೊಂಡೆ.

ಮೊದಲ ತುಣುಕಿನಲ್ಲೇ ಆ ಧೈರ್ಯ ಕರಗಿತು. ಬಾವಿಯ ತಳದಿಂದ ಎದ್ದು ಬರುವಂಥ ಒಂದು ಕಂಠ, ಕೆಳಗಿನ ಶ್ರುತಿ, ಯಾವ ಅವಸರವೂ ಇಲ್ಲದ ನಡೆ. ಎರಡು ಸೆಕೆಂಡು ಕೇಳುವಷ್ಟರಲ್ಲಿ ನಾನು ‘ಎಂ. ಡಿ. ರಾಮನಾಥನ್’ ಎಂದು ಬರೆದು ಕಳುಹಿಸಿಬಿಟ್ಟೆ. ಸ್ನೇಹಿತರಿಂದ ಉತ್ತರ ಬಂತು: ‘ಸ್ವಾಮಿ, ಹಾಡಿದವರು ಯಾರು ಅಂತ ನಾನು ಕೇಳಲಿಲ್ಲ. ಹಾಡಿದ್ದೇನು ಅಂತ ಕೇಳಿದ್ದು.’ ಮತ್ತೆ ಕೇಳಿದೆ. ಆ ಕಾಲಪ್ರಮಾಣದಲ್ಲಿ ಏಳು ಸೆಕೆಂಡಿಗೆ ಒಂದು ಪದ ಪೂರ್ತಿಯಾಗಿದ್ದರೆ ಹೆಚ್ಚು. ರಾಗ ಬಾಗೇಶ್ರೀ ಇರಬಹುದೆಂದು ಅನ್ನಿಸಿತು, ಆದರೆ ಕೃತಿ ಹೊಳೆಯಲಿಲ್ಲ. ಅದು ‘ಸಾಗರ ಶಯನ ವಿಭೋ’, ರಾಮನಾಥನ್ ಅವರೇ ರಚಿಸಿದ್ದು. ಹಾಗಾಗಿ ನಾನು ಬರೆದ ಹೆಸರು ಒಂದರ್ಥದಲ್ಲಿ ಸರಿಯಾಗಿಯೇ ಇತ್ತೆಂದು ವಾದ ಹೂಡಿ ನೋಡಿದೆ, ವಾದ ನಿಲ್ಲಲಿಲ್ಲ.

ಅಂದಿನಿಂದ ನಾನು ಗಮನಿಸುತ್ತಿರುವುದು ಉತ್ತರ ಸರಿಯೋ ತಪ್ಪೋ ಎಂಬುದಕ್ಕಿಂತ ಹೆಚ್ಚಾಗಿ, ನನ್ನ ಕಿವಿಗೆ ಯಾವುದು ಮೊದಲು ಸಿಗುತ್ತದೆ, ಯಾವುದು ಆಮೇಲೆ ಎಂಬುದನ್ನು. ಮೊದಲು ಸಿಗುವುದು ಯಾವಾಗಲೂ ನಾದದ ಬಣ್ಣ: ಕಂಠ ಯಾರದು, ವಾದ್ಯ ಯಾವುದು, ಧ್ವನಿಮುದ್ರಣ ಎಷ್ಟು ಹಳೆಯದು. ಇದು ನನ್ನೊಬ್ಬನ ಅನುಭವವಲ್ಲ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೇಳುಗರು ಜನಪ್ರಿಯ ಹಾಡುಗಳನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಉದ್ದದ ತುಣುಕುಗಳಿಂದ ಗುರುತಿಸಿದ್ದರು. ಕೇವಲ ಊಹೆಯಿಂದ ಸಾಧ್ಯವಾಗುವುದಕ್ಕಿಂತ ಅವರ ಉತ್ತರಗಳು ಚೆನ್ನಾಗಿದ್ದವು. ಅಷ್ಟು ಹೊತ್ತಿನಲ್ಲಿ ಒಂದು ಸ್ವರವೂ ಸರಿಯಾಗಿ ಮುಗಿಯುವುದಿಲ್ಲ, ರಾಗ ತಾಳಗಳ ಮಾತಂತೂ ದೂರವೇ ಉಳಿಯಿತು. ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್ ಅಥವಾ ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ಬಂದಾಗ ನನಗೆ ಆಗುವುದೂ ಇದೇ. ಯಾರೆಂಬುದು ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ, ಏನೆಂಬುದಕ್ಕೆ ಉಳಿದ ಆರು ಸೆಕೆಂಡೂ ಸಾಲುವುದಿಲ್ಲ. ಒಮ್ಮೆ ವಾದಕರ ಹೆಸರು ಮನಸ್ಸಿಗೆ ಬಂದಿತೆಂದರೆ ಅವರ ಹೆಸರುವಾಸಿ ಕೃತಿಗಳು ಸಾಲಾಗಿ ಬಂದು ನಿಲ್ಲುತ್ತವೆ, ಕೇಳುತ್ತಿರುವುದನ್ನು ಅವುಗಳಲ್ಲಿ ಒಂದಕ್ಕೆ ಹೊಂದಿಸುವ ಚಪಲವೂ ಹುಟ್ಟುತ್ತದೆ. ನನ್ನ ತಪ್ಪು ಉತ್ತರಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಹೀಗೆಯೇ.

ಎರಡನೆಯದಾಗಿ ಸಿಗುವುದು ರಾಗ. ಇಲ್ಲಿ ತುಣುಕಿನ ಆಟಕ್ಕೂ ಕಛೇರಿಯ ಕೇಳ್ಮೆಗೂ ಒಂದು ದೊಡ್ಡ ಅಂತರವಿದೆ. ಕಛೇರಿಯಲ್ಲಿ ತಂಬೂರಿ ಮೊದಲಿನಿಂದಲೂ ನುಡಿಯುತ್ತಿರುತ್ತದೆ. ಆಧಾರಸ್ವರವಾದ ಷಡ್ಜ ಎಲ್ಲಿದೆಯೆಂದು ಯಾರೂ ಹುಡುಕಬೇಕಾಗಿಲ್ಲ. ನಡುವಿನಿಂದ ಕತ್ತರಿಸಿದ ಪಿಟೀಲಿನ ತುಣುಕಿನಲ್ಲಿ, ತಂಬೂರಿ ಮೈಕಿನಿಂದ ದೂರವಿದ್ದರೆ, ಆ ಆಧಾರವೇ ತಪ್ಪಿಹೋಗುತ್ತದೆ. ಮೋಹನದ ಐದು ಸ್ವರಗಳನ್ನು ತೆಗೆದುಕೊಳ್ಳಿ. ಅದರ ರಿಷಭವನ್ನು ಷಡ್ಜವೆಂದು ಭಾವಿಸಿದರೆ ಅದೇ ಸ್ವರಗಳು ಮಧ್ಯಮಾವತಿಯಾಗುತ್ತವೆ. ಗಾಂಧಾರವನ್ನು ಷಡ್ಜವೆಂದುಕೊಂಡರೆ ಹಿಂದೋಳ, ಪಂಚಮವನ್ನಾದರೆ ಶುದ್ಧಸಾವೇರಿ, ಧೈವತವನ್ನಾದರೆ ಉದಯರವಿಚಂದ್ರಿಕ. ಗ್ರಹಭೇದವೆಂದು ಪಾಠದಲ್ಲಿ ಓದುವಾಗ ಇದೊಂದು ಸೊಗಸಾದ ಲೆಕ್ಕ. ಶ್ರುತಿಯಿಲ್ಲದ ಏಳು ಸೆಕೆಂಡು ಕೈಗೆ ಬಂದಾಗ ಇದೇ ಲೆಕ್ಕ ಐದು ಬಾಗಿಲುಗಳ ಮುಂದೆ ನಿಲ್ಲಿಸಿಬಿಡುತ್ತದೆ. ಆಗ ನೆರವಿಗೆ ಬರುವುದು ಗಮಕ, ಅಂದರೆ ಸ್ವರವನ್ನು ತೂಗುವ ಬಳುಕಿಸುವ ಬಗೆ ಮಾತ್ರ, ಮತ್ತು ಯಾವ ಸ್ವರದ ಮೇಲೆ ವಾದಕರು ಭಾರ ಹಾಕಿ ನಿಂತರು ಎಂಬ ಸಂಗತಿ. ಹಿಂದೋಳವನ್ನು ಮೋಹನವೆಂದು ಹೇಳಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಅದೂ ‘ಸಾಮಜವರಗಮನ’ದಂಥ ಕೃತಿಯಲ್ಲಿ, ಅದೂ ಅದರ ಎರಡನೆಯ ಭಾಗವಾದ ಅನುಪಲ್ಲವಿಯಲ್ಲಿ.

ಆರಭಿ ಮತ್ತು ದೇವಗಾಂಧಾರಿಯ ಕಷ್ಟ ಇನ್ನೊಂದು ಬಗೆಯದು. ಸ್ವರಗಳು ಏರುವ, ಇಳಿಯುವ ಕ್ರಮಗಳಾದ ಆರೋಹಣ ಅವರೋಹಣಗಳನ್ನು ಕಾಗದದ ಮೇಲೆ ಬರೆದರೆ ಎರಡೂ ಒಂದೇ. ಆರಭಿ ಚುರುಕಾಗಿ, ನೇರವಾಗಿ ಸಾಗುತ್ತದೆ. ದೇವಗಾಂಧಾರಿ ತೂಗಾಡಿಕೊಂಡು, ಎಳೆದುಕೊಂಡು ಬರುತ್ತದೆ. ‘ಸಾಧಿಂಚೆನೆ’ಯನ್ನೂ ‘ಕ್ಷೀರಸಾಗರ ಶಯನ’ವನ್ನೂ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಕೇಳಿದವರಿಗೆ ಈ ಎರಡು ರಾಗಗಳು ಅದಲುಬದಲಾಗುವುದಾದರೂ ಹೇಗೆ ಎಂದು ಆಶ್ಚರ್ಯವಾಗಬಹುದು. ತುಣುಕಿನಲ್ಲಿ ಪಕ್ಕದಲ್ಲಿಟ್ಟು ಕೇಳಲು ಇನ್ನೊಂದು ಇರುವುದಿಲ್ಲ, ಅದೇ ತೊಂದರೆ. ಇದಕ್ಕೆ ವಿರುದ್ಧವಾಗಿ ಕದನಕುತೂಹಲದಂಥ ರಾಗವನ್ನು ಪ್ರಶ್ನೆಯಾಗಿ ಕಳುಹಿಸುವುದು ಶುದ್ಧ ಔದಾರ್ಯ. ಸರಿಮದನಿಗಪಸ ಎಂದು ಹಾರಿಹಾರಿ ಹೋಗುವ ಆ ಆರೋಹಣ ಎರಡು ಸೆಕೆಂಡಿನಲ್ಲಿ ಗುಟ್ಟು ಬಿಟ್ಟುಕೊಡುತ್ತದೆ. ಆಮೇಲೆ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ‘ರಘುವಂಶ ಸುಧಾ’ ಎಂದು ಬರೆದರೆ ಬಹುಪಾಲು ಗೆದ್ದಂತೆಯೇ. ನನ್ನ ಮನಸ್ಸು ಕುಗ್ಗಿದೆಯೆಂದು ತಿಳಿದ ದಿನ ಸ್ನೇಹಿತರು ಇಂಥದ್ದನ್ನು ಕಳುಹಿಸುತ್ತಾರೆ.

ನಿಜವಾದ ಕಷ್ಟ ಆರಂಭವಾಗುವುದು ರಾಗ ಗೊತ್ತಾದ ಮೇಲೆ. ಕಾಂಬೋಧಿ ಎಂದು ತಿಳಿದು ಏನು ಮಾಡುವುದು? ‘ಓ ರಂಗಶಾಯಿ’ಯೋ, ‘ಎವರಿ ಮಾಟ’ವೋ, ‘ಮರಿ ಮರಿ ನಿನ್ನೇ’ಯೋ, ಮುತ್ತುಸ್ವಾಮಿ ದೀಕ್ಷಿತರ ‘ಶ್ರೀ ಸುಬ್ರಹ್ಮಣ್ಯಾಯ ನಮಸ್ತೇ’ಯೋ? ಕೃತಿಯ ಆರಂಭದ ಭಾಗವಾದ ಪಲ್ಲವಿಯ ಮೊದಲ ಸಂಗತಿ ಬಂದರೆ ಎಳೆಯ ಮಕ್ಕಳೂ ಹೇಳಿಬಿಡುತ್ತಾರೆ. ಆದ್ದರಿಂದಲೇ ಪಲ್ಲವಿಯನ್ನು ಮುಟ್ಟುವುದಿಲ್ಲವೆಂಬುದು ಸ್ನೇಹಿತರ ನಿಯಮ, ಮತ್ತು ಈ ಒಂದು ನಿಯಮ ನನ್ನ ಬಗ್ಗೆ ನನಗೆ ಗೊತ್ತಿಲ್ಲದಿದ್ದ ಒಂದು ಸತ್ಯವನ್ನು ಹೊರಗೆಳೆಯಿತು: ನನಗೆ ಗೊತ್ತಿವೆಯೆಂದು ನಾನು ನಂಬಿಕೊಂಡಿದ್ದ ನೂರಾರು ಕೃತಿಗಳಲ್ಲಿ ನನಗೆ ಗೊತ್ತಿರುವುದು ಪಲ್ಲವಿ, ಅನುಪಲ್ಲವಿಯ ಮೊದಲ ಸಾಲು, ಮತ್ತು ನೆರವಲ್ ಮಾಡುವ, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡಿ ಬೆಳೆಸುವ ಜಾಗ. ‘ಭೂಲೋಕ ವೈಕುಂಠಂ’ ಎಂಬ ಸಾಲು ಕಿವಿಗೆ ಬಿದ್ದರೆ ನಿದ್ದೆಗಣ್ಣಿನಲ್ಲಿಯೂ ‘ಓ ರಂಗಶಾಯಿ’ ಎಂದೇನು. ‘ವಾಸವಾದಿ’ ಎಂದರೆ ‘ಶ್ರೀ ಸುಬ್ರಹ್ಮಣ್ಯಾಯ’. ಏಕೆಂದರೆ ಆ ಸಾಲುಗಳಲ್ಲಿ ಗಾಯಕರು ಹತ್ತು ನಿಮಿಷ ನಿಂತು ಬೆಳೆಸುವುದನ್ನು ಹಲವಾರು ಬಾರಿ ಕೇಳಿದ್ದೇನೆ. ಅವುಗಳ ಹಿಂದೆಮುಂದೆ ಇರುವ ಸಾಲುಗಳಿಗೆ ಬಂದಾಗ ನಾನು ಆ ಕೃತಿಯನ್ನು ಹೊಸದಾಗಿ ಕೇಳುತ್ತಿರುವ ಮನುಷ್ಯನಂತೆ ಕೂರುತ್ತೇನೆ. ಕಛೇರಿಯಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗಿರಲಿಲ್ಲ. ಪಲ್ಲವಿಯಿಂದ ಹಿಡಿದುಕೊಂಡ ಎಳೆ ಕೊನೆಯ ಭಾಗವಾದ ಚರಣದವರೆಗೂ ನನ್ನನ್ನು ನಡೆಸಿಕೊಂಡು ಹೋಗುತ್ತಿತ್ತು, ನಾನು ಅದನ್ನೇ ತಿಳಿವಳಿಕೆಯೆಂದು ಎಣಿಸಿದ್ದೆ.

ಇದಕ್ಕೊಂದು ಅಪವಾದವೂ ಇದೆ. ಶ್ಯಾಮಾಶಾಸ್ತ್ರಿಗಳ ಭೈರವಿ ಸ್ವರಜತಿಯಲ್ಲಿ ಒಂದೊಂದು ಚರಣವೂ ಅದರ ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಆರಂಭವಾಗುತ್ತದೆ: ಷಡ್ಜ, ರಿಷಭ, ಗಾಂಧಾರ, ಹೀಗೆ ತಾರಷಡ್ಜದವರೆಗೆ. ಚರಣವೊಂದರ ಆರಂಭ ತುಣುಕಿನಲ್ಲಿ ಸಿಕ್ಕಿಬಿಟ್ಟರೆ ಸ್ವರಜತಿ ಎಂದಷ್ಟೇ ಅಲ್ಲ, ಎಷ್ಟನೆಯ ಚರಣವೆಂದೂ ಹೇಳಬಹುದು. ಒಮ್ಮೆ ಹಾಗೆ ‘ಐದನೆಯ ಚರಣ’ ಎಂದು ಬರೆದು ಕಳುಹಿಸಿದ್ದೆ. ಆ ದಿನ ಪೂರ್ತಿ ನನ್ನ ನಡಿಗೆಯೇ ಬೇರೆಯಾಗಿತ್ತು.

ತಾಳವನ್ನು ನಾನು ಕಿವಿಯಿಂದ ಹಿಡಿಯುವುದಿಲ್ಲ, ಕೈಯಿಂದ ಹಿಡಿಯುತ್ತೇನೆ. ಖರಹರಪ್ರಿಯದ ಒಂದು ತುಣುಕು ಬಂದಾಗ ಮೊದಲು ‘ಚಕ್ಕನಿ ರಾಜ’ ಎಂದುಕೊಂಡೆ. ಆದರೆ ತೊಡೆಯ ಮೇಲೆ ನನಗರಿವಿಲ್ಲದೆ ಬಡಿಯುತ್ತಿದ್ದ ಕೈ ಆದಿತಾಳವನ್ನು ಹಾಕುತ್ತಿರಲಿಲ್ಲ. ಮೂರು, ನಾಲ್ಕು, ಮತ್ತೆ ಮೂರು, ನಾಲ್ಕು ಎಂದು ಮಿಶ್ರಛಾಪುವಿನಲ್ಲಿ ಹೋಗುತ್ತಿತ್ತು. ಹಾಗಿದ್ದರೆ ‘ಪಕ್ಕಲ ನಿಲಬಡಿ’. ಸಾಹಿತ್ಯದ ಒಂದಕ್ಷರವೂ ಸ್ಪಷ್ಟವಾಗಿ ಕೇಳದ ಆ ತುಣುಕನ್ನು ನನಗೆ ಗೆದ್ದುಕೊಟ್ಟದ್ದು ಮೃದಂಗ. ಆದರೆ ಇದು ಮಧ್ಯಮಕಾಲಕ್ಕೆ ಮಾತ್ರ ನಡೆಯುವ ಉಪಾಯ. ಪ್ರತಿ ಎಣಿಕೆಗೂ ಎರಡು ಪಾಲು ಕೊಡುವ, ಅಂದರೆ ಎರಡು ಕಳೆಯ ವಿಳಂಬ ಆದಿತಾಳದಲ್ಲಿ ಏಳು ಸೆಕೆಂಡಿಗೆ ಒಂದು ಆವರ್ತದ ಅರ್ಧವೂ ಮುಗಿದಿರುತ್ತದೋ ಇಲ್ಲವೋ. ಹಾಡು ಎತ್ತಿಕೊಳ್ಳುವ ಎಡುಪು ಎಲ್ಲಿ, ತಾಳ ಆರಂಭವಾಗುವ ಸಮ ಎಲ್ಲಿ ಎಂದು ಕೈಗೂ ತಿಳಿಯುವುದಿಲ್ಲ.

ಸಾಹಿತ್ಯ ಕೇಳಿಸಿದರೆ ಆಟ ಕೆಟ್ಟಂತೆಯೇ ಎಂದು ತೋರಬಹುದು, ಹಾಗೇನೂ ಇಲ್ಲ. ‘ತ್ಯಾಗರಾಜ’ ಎಂಬ ಮುದ್ರೆ, ಅಂದರೆ ರಚಿಸಿದವರ ಸಹಿ, ಕೇಳಿಸಿತೆಂದರೆ ವಾಗ್ಗೇಯಕಾರರು ಯಾರೆಂದು ತಿಳಿಯಿತು, ಅಷ್ಟೇ. ಉಳಿದ ನೂರಾರು ಕೃತಿಗಳ ಬಾಗಿಲು ತೆರೆದೇ ಇರುತ್ತದೆ. ದೀಕ್ಷಿತರು ಇನ್ನೂ ಉದಾರಿಗಳು, ಅನೇಕ ಕೃತಿಗಳಲ್ಲಿ ರಾಗದ ಹೆಸರನ್ನೂ ಸಾಹಿತ್ಯದೊಳಗೆ ನೇಯ್ದಿದ್ದಾರೆ. ‘ವಾತಾಪಿ ಗಣಪತಿಂ’ನ ಕೊನೆಯಲ್ಲಿ ಬರುವ ‘ಹಂಸಧ್ವನಿಭೂಷಿತ ಹೇರಂಬಂ’ ಎಂಬ ಭಾಗವನ್ನು ಯಾರಾದರೂ ಪ್ರಶ್ನೆಯಾಗಿ ಕತ್ತರಿಸಿ ಕಳುಹಿಸಿದರೆ, ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲೇ ಉತ್ತರವನ್ನು ಅಚ್ಚುಹಾಕಿದಂತೆ. ಇಂಥ ಔದಾರ್ಯದಲ್ಲಿ ಗೌಹರ್ ಜಾನ್ ಅವರನ್ನು ಮೀರಿಸಿದವರಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೊಫೋನಿಗಾಗಿ ಹಾಡಿದ ಅವರು ಹಾಡು ಮುಗಿಯುತ್ತಲೇ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ತಾವೇ ಹೇಳಿಬಿಡುತ್ತಿದ್ದರು.

ಹಳೆಯ ಗ್ರಾಮೊಫೋನ್ ತಟ್ಟೆಗಳಿಂದ ಬಂದ ತುಣುಕುಗಳಲ್ಲಿ ಇನ್ನೊಂದು ಮೋಸವಿದೆ. ನಿಮಿಷಕ್ಕೆ 78 ಸುತ್ತಿನ ತಟ್ಟೆಗಳೆಂದು ನಾವು ಕರೆಯುತ್ತೇವಾದರೂ ಆರಂಭಕಾಲದಲ್ಲಿ ಎಲ್ಲವನ್ನೂ ಅದೇ ವೇಗದಲ್ಲಿ ಮುದ್ರಿಸುತ್ತಿರಲಿಲ್ಲ. 78ರಲ್ಲಿ ಮುದ್ರಿಸಿದ್ದನ್ನು 80ರಲ್ಲಿ ತಿರುಗಿಸಿದರೆ ಶ್ರುತಿ ಸುಮಾರು ಕಾಲು ಸ್ವರದಷ್ಟು ಏರುತ್ತದೆ, ಕಂಠ ತುಸು ಎಳೆಯದಾಗುತ್ತದೆ, ಬಿರ್ಕಾಗಳೆಂಬ ವೇಗದ ಸ್ವರಗುಚ್ಛಗಳು ಇನ್ನಷ್ಟು ಚುರುಕಾಗುತ್ತವೆ. ಶ್ರುತಿಯ ಆಧಾರದ ಮೇಲೆ ಗಾಯಕರನ್ನು ಊಹಿಸುವ ನನ್ನಂಥವರು ಇಲ್ಲಿ ನೇರವಾಗಿ ಹಳ್ಳಕ್ಕೆ ಬೀಳುತ್ತೇವೆ. ಹತ್ತು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷ ಚಿಲ್ಲರೆ ಮಾತ್ರ. ಅಷ್ಟರಲ್ಲಿ ಇಡೀ ಕೃತಿಯನ್ನು ಮುಗಿಸಬೇಕಾದವರು ಓಡಿಯೇ ಹಾಡುತ್ತಿದ್ದರು. ವೇಗ ಅವರದೋ ಯಂತ್ರದ್ದೋ ಎಂದು ಏಳು ಸೆಕೆಂಡಿನಲ್ಲಿ ನಿರ್ಧರಿಸಲು ನನ್ನಿಂದಂತೂ ಆಗಿಲ್ಲ.

ಹಾಡು ಗುರುತಿಸುವ ಆ್ಯಪ್‌ಗಳಿಗೆ ಕೇಳಿಸಿದರೆ ಮುಗಿಯಿತಲ್ಲ ಎಂದು ಮನೆಯಲ್ಲಿ ಒಮ್ಮೆ ಕೇಳಿದರು. ಅವುಗಳಲ್ಲಿ ಹೆಚ್ಚಿನವು ಗುರುತಿಸುವುದು ಕೃತಿಯನ್ನಲ್ಲ, ಧ್ವನಿಮುದ್ರಣವನ್ನು. ಮುದ್ರಿಕೆಯೊಂದರ ನಾದದ ಏರಿಳಿತಗಳಿಂದ ಹೆಬ್ಬೆಟ್ಟಿನ ಗುರುತಿನಂಥದ್ದೊಂದನ್ನು ಮಾಡಿಟ್ಟುಕೊಂಡು, ತಮ್ಮ ಸಂಗ್ರಹದಲ್ಲಿ ಅದೇ ಗುರುತು ಇದೆಯೇ ಎಂದು ನೋಡುತ್ತವೆ. ಅದೇ ಗಾಯಕರು ಅದೇ ‘ಬ್ರೋಚೇವಾರೆವರುರಾ’ವನ್ನು ಮರುದಿನ ಇನ್ನೊಂದು ವೇದಿಕೆಯಲ್ಲಿ ಹಾಡಿದರೆ ಆ ಗುರುತು ಹೊಂದುವುದಿಲ್ಲ. ಖಮಾಚ್ ರಾಗದಲ್ಲಿರುವ ವಾಸುದೇವಾಚಾರ್ಯರ ಆ ಕೃತಿಯ ಚಿಟ್ಟೆಸ್ವರವನ್ನು, ಅಂದರೆ ಅದಕ್ಕೆ ಹೊಂದಿಸಿಟ್ಟ ಸ್ವರಗಳ ಸಾಲನ್ನು, ಯಾರು ಯಾವ ಶ್ರುತಿಯಲ್ಲಿ ಹಾಡಿದರೂ ಹೇಳಬಲ್ಲ ನಾನು, ಈ ಒಂದು ವಿಷಯದಲ್ಲಿ ಇನ್ನೂ ಅಂಥ ಯಂತ್ರಕ್ಕಿಂತ ಮುಂದಿದ್ದೇನೆ.

ಈಗ ನನ್ನ ಫೋನಿನಲ್ಲಿ ಮೂರು ತಿಂಗಳಿಂದ ಬಿಡಿಸಲಾಗದ ಒಂದು ತುಣುಕಿದೆ. ಪಿಟೀಲು ಒಂದೇ, ಹಿಂದೆ ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದು, ಯಾರೋ ಕೆಮ್ಮಿದ್ದು. ತಾರಷಡ್ಜದಿಂದ ಹೊರಟ ಒಂದು ಸಾಲು ನಿಧಾನವಾಗಿ ಕೆಳಗಿನ ಷಡ್ಜದವರೆಗೆ ಇಳಿದು ನಿಲ್ಲುತ್ತದೆ, ಅಲ್ಲಿಗೆ ಏಳು ಸೆಕೆಂಡು ತೀರುತ್ತದೆ. ನಾನು ಭೈರವಿ ಎಂದೆ, ಕೃತಿ ಮಾತ್ರ ತಿಳಿಯಲಿಲ್ಲ. ಸೋಲೊಪ್ಪಿಕೊಂಡು ಉತ್ತರ ಕೇಳಿದೆ. ಎರಡು ದಿನ ಸ್ನೇಹಿತರಿಂದ ಸುದ್ದಿಯಿಲ್ಲ. ಮೂರನೆಯ ದಿನ ಫೋನ್ ಮಾಡಿ, ‘ನಿಮಗೆ ಹೇಳೋಕೆ ಸಂಕೋಚ, ನನಗೂ ಮರೆತುಹೋಗಿದೆ’ ಎಂದರು. ಹೆಸರು ಬರೆಯದ ಹಳೆಯ ಕ್ಯಾಸೆಟ್ಟೊಂದರಿಂದ ಕತ್ತರಿಸಿದ್ದಂತೆ, ಆ ಕ್ಯಾಸೆಟ್ಟಿನ ಸುರುಳಿ ಮುಂದಿನ ವಾರವೇ ಪ್ಲೇಯರಿನೊಳಗೆ ಸಿಕ್ಕಿಕೊಂಡು ತುಂಡಾಯಿತಂತೆ. ಆದರೂ ಅದು ಮುಖಾರಿಯೇ ಹೊರತು ಭೈರವಿಯಲ್ಲವೆಂದು ಅವರ ಪಟ್ಟು. ಇಳಿಯುವಾಗ ಎರಡೂ ರಾಗಗಳು ಅದೇ ಮೆಟ್ಟಿಲುಗಳ ಮೇಲೆ ಇಳಿಯುತ್ತವೆ. ಗಮಕದಿಂದ ಹೇಳೋಣವೆಂದರೆ ಕ್ಯಾಸೆಟ್ಟಿನ ಸದ್ದು ಬಿಡುವುದಿಲ್ಲ. ಹತ್ತುವಾಗ ಗಾಂಧಾರ ಬಂದಿದ್ದರೆ ನಾನು ಗೆಲ್ಲುತ್ತಿದ್ದೆ, ಅದನ್ನು ಬಿಟ್ಟು ರಿಷಭದಿಂದ ಮಧ್ಯಮಕ್ಕೆ ನೆಗೆದಿದ್ದರೆ ಅವರು. ಷಡ್ಜದಲ್ಲಿ ನಿಂತ ಆ ಪಿಟೀಲು ಮತ್ತೆ ಮೇಲಕ್ಕೆ ಹೊರಟ ಜಾಗದಲ್ಲಿಯೇ ಅವರು ಕತ್ತರಿ ಹಾಕಿದ್ದಾರೆ.