ಸುವರ್ಣೆಯ ಬೆಳವಣಿಗೆಯ ದಾಖಲೆ: ಮೂರನೆಯ ವರ್ಷದ ಲೆಕ್ಕ

ಉಡುಪಿಯ ನಮ್ಮ ಮನೆಯಲ್ಲಿ ಬೆಳೆಯುತ್ತಿರುವ ಹೆಣ್ಣು ಬಾಲ್ ಪೈಥಾನ್ (ಆಫ್ರಿಕಾ ಮೂಲದ ಸಣ್ಣ ಜಾತಿಯ ಹೆಬ್ಬಾವು) ಸುವರ್ಣೆಗೆ ಈ ಮಳೆಗಾಲದಲ್ಲಿ ಮೂರು ವರ್ಷ ತುಂಬಿತು. ಪ್ರತಿ ತಿಂಗಳು ತೂಕ, ಮೂರು ತಿಂಗಳಿಗೊಮ್ಮೆ ಉದ್ದ, ಜೊತೆಗೆ ಊಟ ಮಾಡಿದ ಮತ್ತು ಪೊರೆ ಬಿಟ್ಟ ದಿನಗಳನ್ನು ಬರೆದಿಡುವ ಪುಸ್ತಕದಲ್ಲಿ ಈ ಸಲ ಒಂದು ಪ್ರಶ್ನೆಯನ್ನು ತೀರ್ಮಾನಿಸಲೇಬೇಕಾಗಿತ್ತು: ಅವಳನ್ನು ಇನ್ನೂ ಬೆಳೆಯುವ ಮರಿಯ ಲೆಕ್ಕದಲ್ಲಿ ಸಾಕಬೇಕೇ, ಪ್ರೌಢ ಹಾವಿನ ಲೆಕ್ಕದಲ್ಲಿ ಸಾಕಬೇಕೇ? ಎಷ್ಟು ದಿನಕ್ಕೊಮ್ಮೆ ಊಟ, ಎಷ್ಟು ದೊಡ್ಡ ಇಲಿ, ಎಷ್ಟು ಅಗಲದ ಪೆಟ್ಟಿಗೆ ಎಂಬುದೆಲ್ಲ ಈ ಉತ್ತರವನ್ನೇ ಅವಲಂಬಿಸಿದೆ.

ವಯಸ್ಸೊಂದನ್ನೇ ನೋಡಿ ಹೇಳುವುದಾದರೆ ಕೆಲಸ ಸುಲಭ. ಬಾಲ್ ಪೈಥಾನ್ ಗಂಡುಗಳು ಸುಮಾರು ಒಂದೂವರೆ ವರ್ಷಕ್ಕೆ, ಹೆಣ್ಣುಗಳು ಎರಡೂವರೆಯಿಂದ ಮೂರು ವರ್ಷದೊಳಗೆ ಸಂತಾನಕ್ಕೆ ಸಿದ್ಧವಾಗುತ್ತವೆ ಎನ್ನುವುದು ಸಾಮಾನ್ಯ ಲೆಕ್ಕ. ಆದರೆ ಹಾವಿನ ಬೆಳವಣಿಗೆಯ ವೇಗವನ್ನು ನಿರ್ಧರಿಸುವುದು ಅದಕ್ಕೆ ಸಿಕ್ಕಿದ ಆಹಾರ ಮತ್ತು ಶಾಖ. ಒಂದೇ ತತ್ತಿಗುಂಪಿನಿಂದ ಹೊರಬಂದ ಎರಡು ಮರಿಗಳನ್ನು ಎರಡು ಮನೆಗಳಲ್ಲಿ ಸಾಕಿದರೆ ಮೂರನೆಯ ವರ್ಷಕ್ಕೆ ಅವುಗಳ ಗಾತ್ರ ಒಂದೇ ಆಗಿರಬೇಕೆಂದೇನೂ ಇಲ್ಲ. ಬೆಳವಣಿಗೆ ಪೂರ್ಣವಾಗಿ ನಿಲ್ಲಲಿ ಎಂದು ಕಾಯುವುದೂ ಪ್ರಯೋಜನವಿಲ್ಲ. ನಾಯಿಯ ಎಲುಬುಗಳ ಬೆಳವಣಿಗೆ ಒಂದು ಪ್ರಾಯದಲ್ಲಿ ಮುಗಿದುಹೋಗುತ್ತದೆ, ಆದರೆ ಹಾವು ಪ್ರೌಢವಾದ ಮೇಲೂ ಬಹುಕಾಲ ಬಹಳ ನಿಧಾನವಾಗಿ ಉದ್ದವಾಗುತ್ತಲೇ ಇರುತ್ತದೆ.

ಸಾಕುವವರಲ್ಲಿ ಹೆಣ್ಣಿಗೆ 1,500 ಗ್ರಾಂ ಎಂಬ ಗಡಿಯೊಂದು ರೂಢಿಯಲ್ಲಿದೆ. ಅದು ಮರಿ ಮಾಡಿಸುವವರು ತಾಯಿಯ ಆರೋಗ್ಯಕ್ಕಾಗಿ ಇಟ್ಟುಕೊಂಡ ಗಡಿ. ಪ್ರೌಢತೆಯ ಪರೀಕ್ಷೆಯಾಗಿ ಅದನ್ನು ನಾನು ಒಪ್ಪುವುದಿಲ್ಲ. ವಾರ ವಾರವೂ ದೊಡ್ಡ ಇಲಿ ತಿನ್ನಿಸಿದರೆ ಎಳೆಯ ಹಾವು ಕೂಡ ಆ ತೂಕವನ್ನು ಮುಟ್ಟಬಲ್ಲದು, ಮುಟ್ಟಿದ್ದರಲ್ಲಿ ಒಂದು ಪಾಲು ಬರೀ ಕೊಬ್ಬಾಗಿರುತ್ತದೆ.

ಆದ್ದರಿಂದ ನಾನು ತೂಕ ಮತ್ತು ಉದ್ದಗಳನ್ನು ಒಟ್ಟಿಗೆ ಇಟ್ಟು ನೋಡುತ್ತೇನೆ. ಅಳೆಯುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಳತೆ ತಪ್ಪಿದರೆ ಮುಂದಿನ ವಿಚಾರವೆಲ್ಲ ತಪ್ಪುತ್ತದೆ. ಪೊರೆಯ ಉದ್ದವನ್ನು ಹಾವಿನ ಉದ್ದವೆಂದು ಬರೆಯಬಾರದು. ಕಳಚುವಾಗ ಪೊರೆ ಹಿಗ್ಗುವುದರಿಂದ ಅದು ಯಾವಾಗಲೂ ಹಾವಿಗಿಂತ ಉದ್ದವಿರುತ್ತದೆ. ಸುವರ್ಣೆ ಗೋಡೆಯ ಅಂಚಿನಲ್ಲಿ ನೇರವಾಗಿ ಹರಿಯುವಾಗ ಬೆನ್ನಿನ ಗುಂಟ ದಾರ ಹಿಡಿದು, ಕೆಲವು ಸಲ ಅಳೆದು, ನಡುವಿನ ಅಳತೆಯನ್ನು ತೆಗೆದುಕೊಳ್ಳುತ್ತೇನೆ. ಅವಳನ್ನು ಎಳೆದು ನೆಟ್ಟಗೆ ಮಾಡುವುದು ಕೂಡದು. ತೂಕವನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಅಡುಗೆಮನೆಯ ತಕ್ಕಡಿಯಲ್ಲಿ ನೋಡುವುದು, ಅದೂ ಮಲ ವಿಸರ್ಜನೆಯಾದ ಮೇಲೆ. ದಿನಗಟ್ಟಲೆ ಹೊಟ್ಟೆಯಲ್ಲೇ ಉಳಿಯುವ ಮಲದ ಭಾರ ಸೇರಿಕೊಂಡರೆ ಲೆಕ್ಕ ಕೆಡುತ್ತದೆ.

ಹೀಗೆ ಬರೆದ ಅಂಕಿಗಳ ಪ್ರಕಾರ ಮೊದಲ ವರ್ಷದ ಕೊನೆಗೆ ಅವಳ ಉದ್ದ 75 ಸೆಂಟಿಮೀಟರ್, ಎರಡನೆಯ ವರ್ಷದ ಕೊನೆಗೆ 102, ಈಗ 111. ಒಂದು ವರ್ಷದಲ್ಲಿ 27 ಸೆಂಟಿಮೀಟರ್ ಬೆಳೆದವಳು ಮರುವರ್ಷ ಬೆಳೆದದ್ದು 9 ಮಾತ್ರ. ಊಟವನ್ನು ನಾನು ಕಡಿಮೆ ಮಾಡಿರಲಿಲ್ಲ. ಮಾರ್ಚಿನಿಂದೀಚೆಗೆ ತೂಕ 130 ಗ್ರಾಮಿಗೂ ಹೆಚ್ಚು ಏರಿ 1,390ಕ್ಕೆ ಬಂದಿದ್ದರೆ, ಉದ್ದ ಏರಿದ್ದು ಎರಡೇ ಸೆಂಟಿಮೀಟರ್. ಬೆನ್ನೆಲುಬಿನ ಎರಡೂ ಬದಿ ತುಸು ಇಳಿಜಾರಾಗಿ ಕಾಣುತ್ತಿದ್ದ ಮೈ ಈಗ ದುಂಡಗಾಗುತ್ತಿದೆ. ತಿಂದದ್ದು ಉದ್ದಕ್ಕೆ ಹೋಗದೆ ಮೈಯಲ್ಲಿ ಶೇಖರವಾಗುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ನನಗೆ ಬೇಕಿಲ್ಲ.

ಇನ್ನೊಂದು ಸೂಚನೆ ಕಳೆದ ಚಳಿಗಾಲದ್ದು. ಡಿಸೆಂಬರಿನಲ್ಲಿ ಊಟ ನಿಲ್ಲಿಸಿದವಳು ಮತ್ತೆ ಇಲಿ ಹಿಡಿದದ್ದು ಫೆಬ್ರವರಿಯ ಕೊನೆಯಲ್ಲಿ. ಕರಾವಳಿಯ ಚಳಿ ಅಷ್ಟೇನೂ ಕಠಿಣವಲ್ಲ, ಥರ್ಮೋಸ್ಟಾಟ್ ಇರುವ ಹೀಟ್ ಮ್ಯಾಟಿನಿಂದ ಪೆಟ್ಟಿಗೆಯ ಬೆಚ್ಚನೆಯ ಬದಿ 32 ಡಿಗ್ರಿಯಲ್ಲೇ ಇತ್ತು, ಬಾಯಿ ಮೂಗುಗಳಲ್ಲಿ ಲೋಳೆಯಾಗಲಿ ಉಸಿರಾಟದ ಸದ್ದಾಗಲಿ ಇರಲಿಲ್ಲ, ತೂಕವೂ ಅಲ್ಪವಷ್ಟೇ ಇಳಿಯಿತು. ಪ್ರಾಯಕ್ಕೆ ಬರುತ್ತಿರುವ ಬಾಲ್ ಪೈಥಾನ್‌ಗಳಲ್ಲಿ ಇಂತಹ ಋತುಮಾನದ ಉಪವಾಸ ಸಾಮಾನ್ಯ. ಹಿಂದಿನ ಎರಡು ಚಳಿಗಾಲಗಳಲ್ಲಿ ಅವಳು ಒಂದು ಊಟವನ್ನೂ ಬಿಟ್ಟಿರಲಿಲ್ಲವಾದ್ದರಿಂದ ಇದನ್ನು ನಾನು ಗಂಭೀರವಾಗಿ ಪರಿಗಣಿಸಿದ್ದೇನೆ.

ತೀರ್ಮಾನ ಹೀಗಿದೆ. ಊಟದ ಮಟ್ಟಿಗೆ ಈ ತಿಂಗಳಿನಿಂದ ಸುವರ್ಣೆ ಪ್ರೌಢ ಹಾವು: ಹತ್ತು ದಿನಕ್ಕೊಮ್ಮೆ ಕೊಡುತ್ತಿದ್ದ 90 ಗ್ರಾಮಿನ ಇಲಿಯ ಬದಲು ಮೂರು ವಾರಕ್ಕೊಮ್ಮೆ 70ರಿಂದ 80 ಗ್ರಾಮಿನದು. ಪೆಟ್ಟಿಗೆಯೂ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ್ದಾಗಬೇಕು. ಬಡಗಿಗೆ ಅಳತೆ ಕೊಟ್ಟಾಗಿದೆ, ನಮ್ಮ ಮಳೆಗಾಲದ ತೇವಕ್ಕೆ ಪ್ಲೈವುಡ್ ಉಬ್ಬದಂತೆ ಒಳಮೈಗೆ ಪಿವಿಸಿ ಹಾಳೆ ಹಾಕಿಸುತ್ತಿದ್ದೇನೆ. ಸಂತಾನದ ಮಟ್ಟಿಗೆ ಮಾತ್ರ ಅವಳನ್ನು ಪ್ರೌಢಳೆಂದು ಬರೆಯುವುದಿಲ್ಲ. ದೇಹ ಸಿದ್ಧವಾದರೂ ತತ್ತಿ ಇಡಿಸುವ ಅವಸರ ಯಾವುದೂ ಇಲ್ಲ. ಚೆನ್ನಾಗಿ ನೋಡಿಕೊಂಡರೆ ಈ ಜಾತಿ 20ರಿಂದ 30 ವರ್ಷ ಬಾಳುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರುವತ್ತು ದಾಟಿದ್ದ ಹೆಣ್ಣೊಂದು 2020ರಲ್ಲಿ ತತ್ತಿ ಇಟ್ಟದ್ದೂ ಉಂಟು. ಅಲ್ಲದೆ ವಿದೇಶಿ ಪ್ರಾಣಿಗಳನ್ನು ಸಾಕುವವರಿಗಾಗಿ ಕೇಂದ್ರ ಸರ್ಕಾರ ತಂದ 2024ರ ನಿಯಮಗಳ ಪ್ರಕಾರ ಬಾಲ್ ಪೈಥಾನನ್ನು ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕಾದಂತೆಯೇ ಹುಟ್ಟಿದ ಮರಿಗಳ ವರದಿಯನ್ನೂ ಕೊಡಬೇಕು. ಮನೆಗೆ ಬಂದವರು ತೋಟದಲ್ಲಿ ಸಿಕ್ಕ ಹೆಬ್ಬಾವಿನ ಮರಿಯನ್ನೂ ಹೀಗೆಯೇ ಸಾಕಬಹುದೇ ಎಂದು ಕೇಳುವುದುಂಟು. ಸಾಕಬಾರದು, ನಮ್ಮ ಹೆಬ್ಬಾವು ವನ್ಯಜೀವಿ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿದೆ, ಅದರ ವಿಷಯವನ್ನು ಅರಣ್ಯ ಇಲಾಖೆಗೆ ತಿಳಿಸಬೇಕು.

ಮುಂದಿನ ಉದ್ದದ ಅಳತೆ ನವೆಂಬರಿನಲ್ಲಿ. ಅಷ್ಟರೊಳಗೆ ತೂಕ 1,350 ಗ್ರಾಮಿಗಿಂತ ಕೆಳಗಿಳಿದರೆ ಅಥವಾ ಉದ್ದ ಮತ್ತೆ ವೇಗವಾಗಿ ಏರಿದರೆ ಊಟದ ಅಂತರವನ್ನು ಎರಡು ವಾರಕ್ಕೆ ಇಳಿಸುತ್ತೇನೆ.