ಅಜ್ಜಿ ಹೇಳಿದ್ರು ನಾಯಿಕೆಮ್ಮು ಅಂತ, ನಾವು ಕೇಳಲಿಲ್ಲ

ನಮ್ಮೂರು ಬೇಲೂರಿಂದ ಮೂಡಿಗೆರೆಗೆ ಹೋಗೋ ದಾರೀಲಿ ಬರುತ್ತೆ. ಡಿಸೆಂಬರಲ್ಲಿ ಕಾಫಿ ಕೊಯ್ಲು ಶುರುವಾಯ್ತು ಅಂದ್ರೆ ಇಲ್ಲಿ ಕೆಮ್ಮು ಇಲ್ದೇ ಇರೋ ಮನೆ ಇಲ್ಲ, ಬೆಳಗ್ಗೆ ಇಬ್ಬನಿ, ಮಧ್ಯಾಹ್ನ ಕಣದ ಧೂಳು, ಸಂಜೆ ಹಂಡೆ ಒಲೆ ಹೊಗೆ. ಹಂಗಾಗಿ ನನಗೆ ಕೆಮ್ಮು ಹತ್ತಿದಾಗ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಮೊದಲ ವಾರ ಬರೀ ನೆಗಡಿ, ಸಣ್ಣ ಕೆಮ್ಮು, ಜ್ವರಾನೇ ಇಲ್ಲ. ಎರಡನೇ ವಾರಕ್ಕೆ ಅದು ಬೇರೆ ಥರ ಆಯ್ತು. ಹಗಲೆಲ್ಲ ಆರಾಮಾಗಿರ್ತಿದ್ದೆ, ರಾತ್ರಿ ಶುರುವಾದ್ರೆ ಒಂದರ ಹಿಂದೆ ಒಂದು ಹತ್ತು ಹದಿನೈದು ಸಲ, ಮಧ್ಯೆ ಉಸಿರು ಎಳ್ಕೊಳ್ಳೋಕೂ ಬಿಡ್ತಿರಲಿಲ್ಲ, ಜಗಲಿ ಕಂಬ ಹಿಡ್ಕೊಂಡು ನಿಂತು ಕೆಮ್ಮಿ ಕೆಮ್ಮಿ ತಿಂದಿದ್ದ ರೊಟ್ಟಿ ಎಲ್ಲ ವಾಂತಿ, ಆಮೇಲೆ ಊಂ ಅಂತ ಸದ್ದು ಮಾಡ್ಕೊಂಡು ಉಸಿರು ಒಳಗೆ ಹೋಗೋದು. ಒಂದಿನ ಕನ್ನಡಿ ನೋಡಿದ್ರೆ ಎಡಗಣ್ಣಿನ ಬಿಳಿ ಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಕೆಂಪಗಾಗಿತ್ತು.

ಪಕ್ಕದ್ಮನೆ ಅಜ್ಜಿ ಆ ಸದ್ದು ಕೇಳಿಸ್ಕೊಂಡೇ ಹೇಳಿದ್ರು, "ಇದು ನಾಯಿಕೆಮ್ಮು ಕಣವ್ವ, ಬಾಣಂತಿ ಇರೋ ಮನೆ, ಕೂಸಿನ ಹತ್ರ ಹೋಗ್ಬೇಡ." ಈಗ ಎಲ್ಲಿದೆ ನಾಯಿಕೆಮ್ಮು, ಎಲ್ಲರಿಗೂ ಲಸಿಕೆ ಆಗಿದ್ಯಲ್ಲ ಅಂತ ನಾವೇ ಅವರಿಗೆ ಹೇಳಿದ್ವಿ. ಕ್ಲಿನಿಕ್ಕಿಗೆ ಹೋದೆ, ಎರಡು ಸಲವೂ ಸಿರಪ್ಪೇ ಕೊಟ್ರು, ಕೆಮ್ಮು ಎಷ್ಟು ದಿನದ್ದು, ಮನೇಲಿ ಪುಟ್ಟ ಮಗು ಇದ್ಯಾ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದೊಂದು ನೋವು ನನಗೆ ಇವತ್ತಿಗೂ ಇದೆ, ಯಾಕಂದ್ರೆ ಅಕ್ಕ ಬಾಣಂತನಕ್ಕೆ ಇದ್ದಿದ್ದು ನಮ್ಮನೇಲೇ, ಕೂಸನ್ನ ಎತ್ಕೊಂಡು ಓಡಾಡ್ತಿದ್ದವಳು ನಾನೇ.

ಕೂಸಿಗೆ ಐದು ವಾರ ಆಗಿತ್ತು. ಮೊದಲನೇ ಚುಚ್ಚುಮದ್ದಿಗೆ ಇನ್ನೊಂದು ವಾರ ಇತ್ತು (ಐದು ಕಾಯಿಲೆ ತಡೆಯೋ ಪೆಂಟಾವೇಲೆಂಟ್ ಲಸಿಕೆ ಕೊಡೋದು 6, 10, 14ನೇ ವಾರಕ್ಕೆ, ನಾಯಿಕೆಮ್ಮಿನ ಲಸಿಕೆ ಅದರಲ್ಲೇ ಇರುತ್ತೆ). ಅವಳು ನನ್ನ ಥರ ಕೆಮ್ಮಲೇ ಇಲ್ಲ, ದಯವಿಟ್ಟು ಇದನ್ನ ನೆನಪಿಟ್ಕೊಳ್ಳಿ. ಹಾಲು ಕುಡೀತಾ ಕುಡೀತಾ ಬಾಯಿ ಬಿಟ್ಟಳು, ಮುಖ ಕೆಂಪಾಯ್ತು, ಒಂದೆರಡು ಸಣ್ಣ ಕೆಮ್ಮು, ಆಮೇಲೆ ಸದ್ದೇ ಇಲ್ಲ, ತುಟಿ ಸುತ್ತ ನೇರಳೆ ಹಣ್ಣು ತಿಂದ ಹಾಗೆ ನೀಲಿ. ಅಕ್ಕ ಅಂಗಾಲು ತಟ್ಟಿ ತಟ್ಟಿ ಎಬ್ಬಿಸಿದ್ಲು. ತೀರಾ ಸಣ್ಣ ಮಕ್ಕಳಲ್ಲಿ ಊಂ ಅನ್ನೋ ಸದ್ದು ಬರದೇನೇ ಇರಬಹುದು, ಉಸಿರೇ ನಿಂತುಬಿಡುತ್ತೆ. ಅವತ್ತು ರಾತ್ರಿನೇ ಕಾರು ಮಾಡ್ಕೊಂಡು ಹಾಸನಕ್ಕೆ ಹೋದ್ವಿ, ಎಂಟು ದಿನ ಆಕ್ಸಿಜನ್ನಲ್ಲಿ ಇದ್ಲು.

ಅಲ್ಲಿ ಮೂಗಿನ ಒಳಗಿಂದ ಸ್ವಾಬ್ ತೆಗೆದು ಪಿಸಿಆರ್ ಮಾಡಿದ್ಮೇಲೆ ಗೊತ್ತಾಗಿದ್ದು. ಬಾರ್ಡೆಟೆಲ್ಲಾ ಪರ್ಟುಸಿಸ್ ಅನ್ನೋ ಬ್ಯಾಕ್ಟೀರಿಯಾ, ಮನುಷ್ಯರಿಂದ ಮನುಷ್ಯರಿಗೇ ಹರಡೋದು, ಹೆಸರಲ್ಲಿ ನಾಯಿ ಇದ್ರೂ ನಾಯಿಯಿಂದ ಬರಲ್ಲ. ಚಿಕ್ಕವರಿದ್ದಾಗ ಹಾಕಿಸ್ಕೊಂಡ ಲಸಿಕೆಯ ಶಕ್ತಿ ವರ್ಷ ಕಳೆದ ಹಾಗೆ ಕಮ್ಮಿ ಆಗುತ್ತಂತೆ, ಅದಕ್ಕೇ ನನ್ನಂಥ ದೊಡ್ಡವರಿಗೂ ಬರೋದು. ಮನೇವ್ರಿಗೆಲ್ಲ ಅಜಿಥ್ರೋಮೈಸಿನ್ ಐದು ದಿನ ಕೊಟ್ರು. ಈ ಮಾತ್ರೆ ಮೊದಲನೇ ವಾರದಲ್ಲೇ ತಗೊಂಡ್ರೆ ಕೆಮ್ಮೂ ಕಮ್ಮಿ ಆಗಬಹುದು, ತಡವಾಗಿ ತಗೊಂಡ್ರೆ ಬೇರೆಯವರಿಗೆ ಹರಡೋದು ನಿಲ್ಲುತ್ತೆ, ಕೆಮ್ಮು ಮಾತ್ರ ಅದರ ಪಾಡಿಗೆ ಇರುತ್ತೆ. ಇನ್ನೊಂದು, ಬಸುರೀಲಿ 27ರಿಂದ 36ನೇ ವಾರದೊಳಗೆ ಟಿಡ್ಯಾಪ್ ಅಂತ ಒಂದು ಲಸಿಕೆ ಹಾಕಿಸ್ಕೊಂಡ್ರೆ ತಾಯಿಯಿಂದ ಕೂಸಿಗೆ ರಕ್ಷಣೆ ಹೋಗುತ್ತಂತೆ. ಅಕ್ಕನಿಗೆ ಹಾಕಿದ್ದು ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯೋ ಲಸಿಕೆ), ಅದರಲ್ಲಿ ನಾಯಿಕೆಮ್ಮಿಗೆ ಏನೂ ಇರಲ್ಲ. ಯಾರಾದ್ರೂ ಬಸುರಿ ಇದ್ರೆ ಡಾಕ್ಟರ್ ಹತ್ರ ಇದನ್ನ ಹೆಸರು ಹೇಳಿ ಕೇಳಿ.

ಮನೆಗೆ ಬಂದ್ಮೇಲೆ ಹಂಡೆ ಒಲೆ ಹಚ್ಚೋದು ನಿಲ್ಲಿಸಿದ್ವಿ, ಗೀಸರ್ ಹಾಕಿಸಿದ್ವಿ. ಕೂಸಿಗೆ ಸ್ವಲ್ಪ ಸ್ವಲ್ಪನೇ ಮೇಲಿಂದ ಮೇಲೆ ಹಾಲು, ವಾಂತಿ ಆದ್ರೆ ಸುಧಾರಿಸ್ಕೊಂಡ್ಮೇಲೆ ಮತ್ತೆ. ನೋಡೋಕೆ ಬಂದವರು ಜೇನುತುಪ್ಪ ನೆಕ್ಕಿಸಿ ಅಂದ್ರು, ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು, ಬಾಟುಲಿಸಂ ಅನ್ನೋ ಬೇರೆ ಕಾಯಿಲೆ ಬರಬಹುದು. ದೊಡ್ಡವಳಾದ ನಾನು ಬಿಸಿನೀರಲ್ಲಿ ಜೇನು ಹಾಕ್ಕೊಂಡು ಕುಡೀತಿದ್ದೆ, ಗಂಟಲಿಗೆ ಹಿತ ಅನ್ಸೋದು.

ಹಂಗಂತ ಬಿಡದ ಕೆಮ್ಮೆಲ್ಲ ನಾಯಿಕೆಮ್ಮಲ್ಲ. ನಮ್ಮ ಚಿಕ್ಕಪ್ಪಂಗೆ ಬಿಪಿಗೆ ಎನಲಾಪ್ರಿಲ್ ಕೊಟ್ಟಿದ್ರು, ಅದರಿಂದಾನೇ ಒಣಕೆಮ್ಮು, ಡಾಕ್ಟರ್ ಬೇರೆ ಮಾತ್ರೆ ಕೊಟ್ಮೇಲೆ ನಿಂತಿತು (ನೀವೇ ಬಿಡೋಕೆ ಹೋಗ್ಬೇಡಿ). ರಾತ್ರಿ, ಬೆಳಗಿನ ಜಾವ ಸುಯ್ ಸುಯ್ ಅಂದ್ರೆ ಅಸ್ತಮಾ ಇರಬಹುದು. ಎರಡು ವಾರ ದಾಟಿದ್ರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೇಲಿ ದುಡ್ಡಿಲ್ಲದೆ ಮಾಡ್ತಾರೆ, ಟಿಬಿ ಇಲ್ಲ ಅಂತ ಮೊದಲು ಖಾತ್ರಿ ಆಗ್ಲಿ. ಕಫದಲ್ಲಿ ರಕ್ತ ಕಂಡ್ರೆ, ತೂಕ ಇಳಿದ್ರೆ, ಎರಡು ವಾರನೂ ಕಾಯಬೇಡಿ.

ಕಾಫಿ ಕೊಯ್ಲಿಗೆ ಶುರುವಾದ ನನ್ನ ಕೆಮ್ಮು ಹೋಗಿದ್ದು ಹೂಮಳೆ ಬಿದ್ಮೇಲೆ, ನೂರು ದಿನದ ಕೆಮ್ಮು ಅಂತಾರಲ್ಲ ಹಂಗೇ. ಕೂಸಿಗೀಗ ಎಂಟು ತಿಂಗಳು, ಮೂರೂ ಡೋಸ್ ಆಗಿದೆ. ನೆಗಡಿ ಆದಾಗ ಒಂದು ಕೆಮ್ಮು ಬಂದ್ರೂ ಅಕ್ಕ ಎದ್ದು ಲೈಟ್ ಹಾಕಿ ತುಟಿ ಬಣ್ಣ ನೋಡ್ತಾಳೆ.