ಅಂಗೈಯಷ್ಟೂ ಇಲ್ಲದ ಬಂಗುಡೆ

ಮಲ್ಪೆಯ ಮೀನು ಅಂತ ಮೀನಿನಕ್ಕ ಬುಟ್ಟಿ ಇಳಿಸಿದರು. ನೋಡಿದರೆ ಬಂಗುಡೆ ನನ್ನ ಅಂಗೈಯಷ್ಟೂ ಇಲ್ಲ. ಸುಮ್ನೆ ಮಗಳ ಸ್ಕೇಲ್ ತಂದು ಅಳೆದೆ. ಮೂತಿಯಿಂದ ಬಾಲದ ತುದಿವರೆಗೆ 11 ಸೆಂಟಿಮೀಟರ್. ಪಕ್ಕದ ಕೇರಳದಲ್ಲಿ 14ಕ್ಕಿಂತ ಚಿಕ್ಕ ಬಂಗುಡೆ ಹಿಡಿಯುವ ಹಾಗಿಲ್ಲ, ಒಂದು ಸಲವಾದರೂ ಮೊಟ್ಟೆ ಇಡಲಿ ಅಂತ.

"ದೊಡ್ಡದು ಎಲ್ಲುಂಟು ಮಾರಾಯ್ರೆ, ಬಲೆಗೆ ಬಿದ್ದದ್ದು ತರುವುದಲ್ವಾ" ಅಂದರು ಅಕ್ಕ. ಅವರನ್ನು ಬೈದು ಏನು ಪ್ರಯೋಜನ?

ಬೂತಾಯಿ, ಅಂದರೆ ಮತ್ತಿ ಮೀನಿನದ್ದೂ ಇದೇ ಕಥೆ. ಕೇರಳದಲ್ಲಿ 2012ರಲ್ಲಿ ಹತ್ತಿರ ಹತ್ತಿರ 4 ಲಕ್ಷ ಟನ್ ಸಿಕ್ಕಿದ್ದು, 2021ರಲ್ಲಿ ಬರೀ 3,297 ಟನ್. ವಿಜ್ಞಾನಿಗಳು ಎಲ್ ನಿನೋ (ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರ ಬಿಸಿಯಾಗುವುದು), ಸಮುದ್ರದ ಬಿಸಿ ಅಂತಾರೆ, ಜೊತೆಗೆ ನಾವು ಮರಿಗಳನ್ನೂ ಬಿಡದೆ ಬಾಚಿದ್ದು ಬೇರೆ. ಜೂನ್-ಜುಲೈಯಲ್ಲಿ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ ಇರುತ್ತದೆ, ಒಳ್ಳೇದೇ, ಆದರೆ ಆಗಸ್ಟ್ ಬಂದ ಕೂಡಲೇ ಮತ್ತೆ ಸಣ್ಣ ಕಣ್ಣಿನ ಬಲೆ ಇಳಿದರೆ?

ತಗೊಂಡ್ರಾ ಅಂತ ಕೇಳಬೇಡಿ. ತಗೊಂಡೆ. ಹುಳಿ-ಖಾರದ ಪುಳಿಮುಂಚಿ ಸಾರು ಆಯಿತು. ಸ್ಕೇಲ್ ಎರಡು ಸಲ ಸೋಪು ಹಾಕಿ ತೊಳೆದರೂ ವಾಸನೆ ಹೋಗಿಲ್ಲ, ನಾಳೆ ಗಣಿತ ಪರೀಕ್ಷೆ ಅಂತ ಮಗಳು ಮುಖ ಊದಿಸಿಕೊಂಡಿದ್ದಾಳೆ.